ಎರೆಮಣ್ಣಿನ ವಿಕಿರಣಮಾಪನದಲ್ಲಿ ಡಿಜಿಟಲ್ ವಿಧಾನದ ಸ್ಥಾನ

ಮಣ್ಣಿನ ಸಹಜ ವಿಕಿರಣಕ್ಕೆ ಯುರೇನಿಯಂ, ಥೋರಿಯಂ ಶ್ರೇಣಿಗಳೂ ಪೊಟ್ಯಾಸಿಯಂ-40 ಎಂಬುದೂ ಕಾರಣವೆಂಬುದರಲ್ಲಿ, ಅವನ್ನು ಜರ್ಮೇನಿಯಂ ಶೋಧಕವು ಗಾಮಾ ರೇಖೆಗಳಿಂದ ಗುರುತಿಸಬಲ್ಲುದೆಂಬುದರಲ್ಲಿ ವಿವಾದವಿಲ್ಲ. ಆದರೆ ಶೋಧಕದ ವಿದ್ಯುತ್ ಸ್ಪಂದಗಳನ್ನು ಹುಟ್ಟಿದೊಡನೆ ಅಂಕಿಗಳಾಗಿ ದಾಖಲಿಸುವ ಡಿಜಿಟಲ್ ಯಂತ್ರಗಳು ಬಂದಮೇಲೆ ಹಳೆಯ ಅನಲಾಗ್ ಫಲಿತಾಂಶಗಳು ಅಗ್ರಾಹ್ಯವಾದುವೆಂಬ ಅಭಿಪ್ರಾಯವು, ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರಿ ಹೊಲದ ಮಣ್ಣಿನ ಮಟ್ಟಿಗಾದರೂ, ನಿಲ್ಲಲಾರದು.

ಆ ಅಭಿಪ್ರಾಯಕ್ಕೆ ಮುಖ್ಯಾಧಾರವೆಂದರೆ ಮೃತಕಾಲ. ಒಂದು ಸ್ಪಂದವನ್ನು ಅಳೆಯುತ್ತಿರುವಾಗ ಯಂತ್ರವು ಮತ್ತೊಂದಕ್ಕೆ ಕಿವುಡಾಗಿರುವ ಅವಧಿ. ಪ್ರತಿ ಸ್ಪಂದಕ್ಕೆ 10 ಮೈಕ್ರೊಸೆಕೆಂಡು ಹಿಡಿದರೆ, ಸೆಕೆಂಡಿಗೆ 50,000 ಎಣಿಕೆಗಳನ್ನು ದಾಖಲಿಸುವಲ್ಲಿ ಅರ್ಧ ಕಾಲವೇ ನಷ್ಟ. ಅಂಥ ಪ್ರಬಲ ಆಕರಗಳಿಗೆ ಹೊಸ ವಿಧಾನದ ಉಪಕಾರ ನಿಸ್ಸಂಶಯ. ಮಣ್ಣಿನ ಮಾತು ಬೇರೆ. ವಿಶ್ವಸಂಸ್ಥೆಯ ವಿಕಿರಣ ಸಮಿತಿಯ 2000ದ ವರದಿಯಂತೆ ಪೊಟ್ಯಾಸಿಯಂ-40ರ ಜಾಗತಿಕ ಮಧ್ಯಮಾನ ಕಿಲೋಗ್ರಾಮಿಗೆ 400 ಬೆಕೆರೆಲ್. ಡಬ್ಬಿಯೊಂದರ 300 ಗ್ರಾಂ ಮಣ್ಣಿನಲ್ಲಿ ಸೆಕೆಂಡಿಗೆ 120 ವಿಘಟನೆಗಳಾಗಿ, ಅವುಗಳಲ್ಲಿ ಸುಮಾರು 13 ಮಾತ್ರವೇ 1461 ಕಿಲೊ ಎಲೆಕ್ಟ್ರಾನ್ ವೋಲ್ಟಿನ ಕಿರಣವನ್ನು ಹೊರಚೆಲ್ಲುವುವು. ಸಕಲ ಶಕ್ತಿಗಳ ಎಣಿಕೆ ಸೆಕೆಂಡಿಗೆ 10 ಎಂದಿಟ್ಟರೂ ಮೃತಕಾಲದ ನಷ್ಟ ಶೇಕಡಾ 0.01.

ನಿಜವಾದ ದೋಷ ಹುಟ್ಟುವುದು ಡಬ್ಬಿಯ ಮುಚ್ಚಳದಲ್ಲಿ. ಒಲೆಯಲ್ಲಿ 110 ಡಿಗ್ರಿಯಲ್ಲಿ ಒಣಗಿಸಿ, ಜರಡಿ ಹಿಡಿದ ಮಣ್ಣನ್ನು ನಾಲ್ಕು ವಾರ ಬಿಗಿಯಾಗಿ ಮುಚ್ಚಿಡುವುದೇಕೆಂದರೆ, ರೇಡಿಯಂ-226ನ್ನು ನಾವು ಅದರ ಸಂತತಿಗಳಾದ ಸೀಸ-214, ಬಿಸ್ಮತ್-214ರಿಂದ ಅನುಮಾನಿಸುತ್ತೇವೆ. ನಡುವೆ ಇರುವ ರೇಡಾನ್ ಅನಿಲದ ಅರ್ಧಾಯುಷ್ಯ 3.82 ದಿನ; ಅದು ರೇಡಿಯಮ್ಮಿನೊಡನೆ ಸಮತೋಲಕ್ಕೆ ಬರಲು ಅಷ್ಟು ವಾರಗಳು ಬೇಕು. ಅದರಲ್ಲಿ ಶೇಕಡಾ 10 ಸೋರಿಹೋದರೂ ಹುಟ್ಟುವ ದೋಷ ಮೃತಕಾಲದ ದೋಷಕ್ಕೆ ಸಹಸ್ರಗುಣ. ನೇರವಾಗಿ ರೇಡಿಯಮ್ಮಿನ 186.2 ಕಿಲೊ ಎಲೆಕ್ಟ್ರಾನ್ ವೋಲ್ಟಿನ ರೇಖೆಯನ್ನು ಅಳೆಯೋಣವೆಂದರೆ, ಯುರೇನಿಯಂ-235ರ 185.7ರ ರೇಖೆ ಅದಕ್ಕೆ ಅಂಟಿಕೊಂಡೇ ಇರುವುದು. ಶೋಧಕವೇ ಬೇರ್ಪಡಿಸಲಾರದುದನ್ನು ಅಂಕೀಯ ಸಂಸ್ಕರಣ ಬೇರ್ಪಡಿಸೀತೆ? ಯಂತ್ರಕ್ಕೆ ಸೇರದ ಇನ್ನೊಂದು ತೊಡಕೂ ಉಂಟು: ಕಲಘಟಗಿಯ ಮಸಾರಿ ಮಣ್ಣನ್ನು ಅದೇ ಡಬ್ಬಿಗೆ ತುಂಬಿದರೆ ಸಾಂದ್ರತೆ ಬೇರೆಯಾಗಿ, ಮಣ್ಣು ತನ್ನ ಕಿರಣವನ್ನು ತಾನೇ ಹೀರುವ ಸ್ವಯಂಶೋಷಣೆಯ ಲೆಕ್ಕವನ್ನೂ ಬೇರೆ ಮಾಡಬೇಕಾಗುವುದು.

ಹಾಗಾದರೆ ಹೊಸ ವಿಧಾನದಿಂದ ನಮಗೆ ಪ್ರಯೋಜನವಿಲ್ಲವೆ? ಉಂಟೆಂದೇ ನನ್ನ ಊಹೆ. ಆದರೆ ಮಣ್ಣಿಗಿಂತ ಬೋರಿನ ನೀರಿನಲ್ಲಿ, ಅದೂ ಸ್ಪಂದದ ಎತ್ತರಕ್ಕಿಂತ ಕಾಲದ ದಾಖಲೆಯಿಂದ. ಬಿಸ್ಮತ್-214ರ ಬೀಟಾ ಕಣವನ್ನು ಪೊಲೋನಿಯಂ-214ರ ಆಲ್ಫಾ ಕಣವು ಹಿಂಬಾಲಿಸಿ ಬರುವುದು; ಆ ಪೊಲೋನಿಯಮ್ಮಿನ ಅರ್ಧಾಯುಷ್ಯ 164 ಮೈಕ್ರೊಸೆಕೆಂಡು ಮಾತ್ರ. ರೇಡಾನನ್ನು, ಕಣ ತಾಗಿದೊಡನೆ ಮಿನುಗುವ ದ್ರವ ಸಿಂಟಿಲೇಟರಿಗೆ ಸೆಳೆದು ಈ ಜೋಡಿಯನ್ನಷ್ಟೇ ಎಣಿಸಿದರೆ ಹಿನ್ನೆಲೆ ಬಹುಮಟ್ಟಿಗೆ ಕಳಚಿಬೀಳಬೇಕು. ಅನಲಾಗ್ ಮಂಡಲದಲ್ಲಿಯೂ ಇದು ಸಾಧ್ಯವಿದ್ದಿತು, ಸರಿ. ಅಲ್ಲಿ ಕಾಲಾಂತರವನ್ನು ಮೊದಲೇ ನಿಶ್ಚಯಿಸಬೇಕಿತ್ತು, ಇಲ್ಲಿ ಅಳತೆ ಮುಗಿದ ಬಳಿಕವೂ ಬದಲಿಸಬಹುದು. ಮಣ್ಣಿಗೆ ಇದು ಒದಗದು, ಆಲ್ಫಾ ಕಣವು ಕೆಲವು ಹತ್ತು ಮೈಕ್ರೊಮೀಟರುಗಳಲ್ಲೇ ನಿಂತುಬಿಡುವುದಷ್ಟೆ.

ಎರೆಸೀಮೆಯ ಬೋರುಗಳಲ್ಲಿ ಸವುಳು ನೀರು ಸಾಮಾನ್ಯ. ಲವಣವು ರೇಡಾನಿನ ವಿಲೇಯತೆಯನ್ನು ತಗ್ಗಿಸುವುದರಿಂದ, ಸಿಹಿನೀರಿನಲ್ಲಿ ಕಟ್ಟಿದ ಮಾಪನಾಂಕ ಇಲ್ಲಿ ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ಪ್ರತ್ಯೇಕ ಪ್ರಯೋಗದಿಂದಲೇ ನಿರ್ಣಯಿಸಬೇಕಾಗಿದೆ.