ಸಂಕೇತ ರಾಸಾಯನಿಕಗಳು (ಸಸ್ಯ–ಕೀಟ ಸಂಬಂಧ)

ಒಂದು ಜೀವಿಯಿಂದ ಹೊರಬಿದ್ದು ಇನ್ನೊಂದರ ನಡವಳಿಕೆಯನ್ನೋ ದೇಹಕ್ರಿಯೆಯನ್ನೋ ಬದಲಿಸುವ ವಸ್ತುಗಳು ಸಂಕೇತ ರಾಸಾಯನಿಕಗಳು ಅಥವಾ ಸೆಮಿಯೋಕೆಮಿಕಲ್‌ಗಳು. ಕೀಟಗಳು ಇವನ್ನು ಮುಖ್ಯವಾಗಿ ಕುಡಿಮೀಸೆಗಳಿಂದ ಗ್ರಹಿಸುತ್ತವೆ. ಒಂದೇ ಪ್ರಭೇದದೊಳಗೆ ಕೆಲಸ ಮಾಡುವವಕ್ಕೆ ಫೆರೊಮೋನ್ ಎನ್ನುತ್ತಾರೆ. ಮೊದಲ ಫೆರೊಮೋನ್ ಬಾಂಬಿಕಾಲ್‌ನ ಸ್ವರೂಪವನ್ನು 1959ರಲ್ಲಿ ಪ್ರಕಟಿಸಿದವರು ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಸಂಗಡಿಗರು. ಅದಕ್ಕೆ ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಪತಂಗಗಳು ಬೇಕಾದವು. ಬೇರೆ ಬೇರೆ ಪ್ರಭೇದಗಳ ನಡುವಣ ಸಂಕೇತಗಳನ್ನು ಲಾಭ ಯಾರಿಗೆ ಎಂಬುದರ ಮೇಲೆ ವಿಂಗಡಿಸುವುದು ರೂಢಿ: ಹೊರಬಿಟ್ಟ ಜೀವಿಗಾದರೆ ಅಲೋಮೋನ್, ಗ್ರಹಿಸಿದ ಜೀವಿಗಾದರೆ ಕೈರೋಮೋನ್, ಇಬ್ಬರಿಗೂ ಆದರೆ ಸೈನೋಮೋನ್. ತರಗತಿಯಲ್ಲಿ ಸಲೀಸಾಗಿ ಕಾಣುವ ಈ ವಿಂಗಡಣೆ ತೋಟದಲ್ಲಿ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ವಸ್ತು ಒಂದೇ ಇದ್ದರೂ ಅದನ್ನು ಗ್ರಹಿಸುವವರು ಹಲವರು.

ಮೀಥೈಲ್ ಯೂಜಿನಾಲ್ ಇದಕ್ಕೆ ಒಳ್ಳೆಯ ಉದಾಹರಣೆ. ತುಳಸಿಯ ಕೆಲವು ಬಗೆಗಳೂ ಸೇರಿ 450ಕ್ಕೂ ಹೆಚ್ಚು ಸಸ್ಯ ಪ್ರಭೇದಗಳಲ್ಲಿ ಈ ಪರಿಮಳದ್ರವ್ಯ ಸಿಕ್ಕಿದೆ. ಮಾವಿನ ಹಣ್ಣುನೊಣಕ್ಕೂ ಇದಕ್ಕೂ ಇರುವ ನಂಟಿನ ಕಥೆ ಶುರುವಾದದ್ದು ಬಿಹಾರದ ಪೂಸಾದಲ್ಲಿ. ಅಲ್ಲಿನ ಕೃಷಿ ಸಂಶೋಧನ ಸಂಸ್ಥೆಯ ಕೀಟತಜ್ಞ ಎಫ್. ಎಂ. ಹೌಲೆಟ್‌ರ ನೆರೆಯವರೊಬ್ಬರು ಸೊಳ್ಳೆ ಕಾಟಕ್ಕೆಂದು ಸಿಟ್ರೊನೆಲ್ಲಾ ಎಣ್ಣೆ ಬಳಸಿದಾಗ ಹಣ್ಣುನೊಣಗಳು ಮುತ್ತಿಕೊಂಡವು. ಬಂದವೆಲ್ಲ ಗಂಡು ನೊಣಗಳೇ. 1912ರಲ್ಲಿ ಇದನ್ನು ವರದಿ ಮಾಡಿದ ಹೌಲೆಟ್, ಆ ಸೆಳೆತದ ಹಿಂದೆ ಮೀಥೈಲ್ ಯೂಜಿನಾಲ್ ಇದೆಯೆಂದು 1915ರಲ್ಲಿ ತೋರಿಸಿದರು.

ಗಂಡಿಗೆ ಇದರಿಂದ ಏನು ಲಾಭ ಎಂಬುದು ತಿಳಿಯಲು ದಶಕಗಳೇ ಹಿಡಿದವು. ಜಪಾನಿನ ರಿತ್ಸುವೊ ನಿಶಿದಾ ಮತ್ತು ಮಲೇಷ್ಯಾದ ಕೆಂಗ್ ಹಾಂಗ್ ಟಾನ್ ಅವರ ಕೆಲಸದಿಂದ ಚಿತ್ರ ಸ್ಪಷ್ಟವಾಯಿತು. ನೆಕ್ಕಿದ ಮೀಥೈಲ್ ಯೂಜಿನಾಲನ್ನು ಗಂಡು ನೊಣ ದೇಹದಲ್ಲಿ ಬೇರೆ ಎರಡು ವಸ್ತುಗಳಾಗಿ ಮಾರ್ಪಡಿಸಿ ಗುದಗ್ರಂಥಿಯಲ್ಲಿ ಕೂಡಿಡುತ್ತದೆ. ಮುಸ್ಸಂಜೆ ಕೂಡುವ ಹೊತ್ತಿಗೆ ಅವನ್ನೇ ಗಾಳಿಗೆ ಬಿಟ್ಟು ಹೆಣ್ಣನ್ನು ಕರೆಯುತ್ತದೆ. ಹೀಗೆ ಗಿಡದ ಸರಕು ನೊಣದ ಫೆರೊಮೋನ್ ಆಯಿತು. ಹಲ್ಲಿಗೆ ಮಾತ್ರ ಇದು ಹಿಡಿಸುವುದಿಲ್ಲ: ಮೀಥೈಲ್ ಯೂಜಿನಾಲ್ ತಿಂದ ನೊಣಗಳನ್ನು ಮನೆಹಲ್ಲಿಗಳು ಅಷ್ಟಾಗಿ ಮುಟ್ಟುವುದಿಲ್ಲ ಎಂದು ಪ್ರಯೋಗಗಳು ತೋರಿಸಿವೆ. ಆಗ್ನೇಯ ಏಷ್ಯಾದ ಬಲ್ಬೊಫಿಲಮ್ ಚೈರಿ ಎಂಬ ಆರ್ಕಿಡ್ ಇನ್ನೂ ಜಾಣ. ಅದರ ಹೂವಿನಲ್ಲಿ ಮಕರಂದವಿಲ್ಲ, ಮೀಥೈಲ್ ಯೂಜಿನಾಲ್ ಇದೆ. ನೆಕ್ಕಲು ಬಂದ ಗಂಡು ನೊಣ ಹೂವಿನ ತುಟಿಯ ಮೇಲೆ ಕೂತಾಗ ಬಾಗಿಲ ಕೀಲಿನಂತಿರುವ ಆ ತುಟಿ ಮಗುಚಿ, ನೊಣವನ್ನು ಹೂವಿನ ಕಂಬದತ್ತ ಒತ್ತುತ್ತದೆ. ಕ್ಷಣಕಾಲ ಸಿಕ್ಕಿಬಿದ್ದ ನೊಣ ಬಿಡಿಸಿಕೊಳ್ಳುವಷ್ಟರಲ್ಲಿ ಪರಾಗದ ಗಂಟು ಅದರ ಬೆನ್ನಿಗೆ ಅಂಟಿರುತ್ತದೆ.

ಗಿಡ ತಾನಾಗಿ ನೆರವು ಕೂಗುವುದೂ ಉಂಟು. ಎಲೆಯನ್ನು ಹುಳು ಮೇಯುತ್ತಿದ್ದರೆ ಮುಸುಕಿನ ಜೋಳದ ಸಸಿ ಟರ್ಪಿನಾಯಿಡ್ ವಾಸನೆಗಳನ್ನು ಹೊರಬಿಟ್ಟು, ಆ ಹುಳುವಿನೊಳಗೆ ಮೊಟ್ಟೆಯಿಡುವ ಪರತಂತ್ರ ಕಣಜವನ್ನು ಸೆಳೆಯುತ್ತದೆ ಎಂದು ಅಮೆರಿಕದಲ್ಲಿ ಟರ್ಲಿಂಗ್ಸ್ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದರು. ಬರಿದೇ ಎಲೆ ಗೀರಿದರೆ ಈ ಪ್ರತಿಕ್ರಿಯೆ ಅಷ್ಟು ಜೋರಾಗಿರುವುದಿಲ್ಲ. ಗಾಯಕ್ಕೆ ಹುಳುವಿನ ಬಾಯಿಯ ದ್ರವವೂ ತಾಕಬೇಕು. ಕರೆ ಕೇಳಬಾರದವರಿಗೆ ಕೇಳಿಸುವ ಅಪಾಯ ನೆಲದೊಳಗೆ ಎದ್ದು ಕಾಣುತ್ತದೆ. ಜೋಳದ ಬೇರು ಸ್ಟ್ರೈಗೊಲ್ಯಾಕ್ಟೋನ್‌ಗಳನ್ನು ಬಿಡುವುದು ರಂಜಕ ಒದಗಿಸುವ ಮೈಕೊರೈಜಾ ಶಿಲೀಂಧ್ರವನ್ನು ಹತ್ತಿರ ಕರೆಯಲು. ಆದರೆ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಸ್ಟ್ರೈಗಾ ಕಳೆಯ ಬೀಜವೂ ಅದೇ ಸುಳಿವು ಹಿಡಿದು ಮೊಳೆತು, ಜೋಳದ ಬೇರಿಗೇ ಬಾಯಿ ಹಾಕುತ್ತದೆ.

ಕೃಷಿಯಲ್ಲಿ ಈ ತಿಳಿವಳಿಕೆ ಹೆಚ್ಚಾಗಿ ಬಳಕೆಯಾಗುತ್ತಿರುವುದು ಬಲೆಗಳ ರೂಪದಲ್ಲಿ. ಕಾಫಿಯ ಬಿಳಿ ಕಾಂಡಕೊರಕದಲ್ಲಿ ಫೆರೊಮೋನ್ ಬಿಡುವುದು ಗಂಡು, ಬರುವುದು ಹೆಣ್ಣು. ಚಿಕ್ಕಮಗಳೂರು, ಕೊಡಗಿನ ಅರೇಬಿಕಾ ತೋಟಗಳಲ್ಲಿ ಇದರ ಬಲೆಗಳಿವೆ. ಮಾವಿನ ತೋಟದ ಬಲೆಗೆ ಬೇಕಾದದ್ದು ಒಂದು ಪ್ಲಾಸ್ಟಿಕ್ ಡಬ್ಬಿ ಮತ್ತು ಪ್ಲೈವುಡ್ ತುಂಡು. ಆಲ್ಕೋಹಾಲ್, ಮೀಥೈಲ್ ಯೂಜಿನಾಲ್, ಕೀಟನಾಶಕಗಳನ್ನು 6:4:1ರ ಪ್ರಮಾಣದಲ್ಲಿ ಬೆರೆಸಿ ಅದರಲ್ಲಿ ತುಂಡನ್ನು ನೆನೆಸಿ ಒಳಗೆ ತೂಗುಹಾಕುತ್ತಾರೆ. ಹಾಗಲ, ಹೀರೆಯ ಚಪ್ಪರಕ್ಕೆ ಇದನ್ನೇ ಕಟ್ಟಿದರೆ ಪ್ರಯೋಜನವಿಲ್ಲ, ಆ ಬಳ್ಳಿಗಳ ನೊಣಕ್ಕೆ ಹಿಡಿಸುವುದು ಕ್ಯೂ ಲೂರ್ ಎಂಬ ಬೇರೆ ವಸ್ತು. ಅಂಗಡಿಯಲ್ಲಿ ಎರಡಕ್ಕೂ ಫೆರೊಮೋನ್ ಬಲೆ ಎಂದೇ ಹೆಸರಿರುವುದರಿಂದ ಕೊಳ್ಳುವಾಗ ಬೆಳೆಯ ಹೆಸರು ಹೇಳಿಯೇ ಕೇಳುವುದು ಒಳ್ಳೆಯದು.

ಹಣ್ಣುನೊಣದ ಈ ಬಲೆಗಳಿಗೆ ಬೀಳುವುದು ಗಂಡು ಮಾತ್ರ. ಬಲಿಯುತ್ತಿರುವ ಕಾಯಿಯ ಸಿಪ್ಪೆಯಡಿ ಮೊಟ್ಟೆಯಿಡುವ ಹೆಣ್ಣು ಹೊರಗೇ ಉಳಿಯುತ್ತದೆ. ಉಳಿದ ಕೆಲವೇ ಗಂಡುಗಳು ಹಲವು ಹೆಣ್ಣುಗಳೊಡನೆ ಕೂಡಬಲ್ಲವಾದ್ದರಿಂದ ಗಂಡುಗಳು ಬಹುಪಾಲು ಸಾಯದ ಹೊರತು ಹುಳಿನ ಕಾಟ ತಗ್ಗದು. ಶಾಂತಸಾಗರದ ರೋಟಾ ದ್ವೀಪದಲ್ಲಿ 1960ರ ದಶಕದಲ್ಲಿ ವಿಮಾನದಿಂದ ಮೀಥೈಲ್ ಯೂಜಿನಾಲ್ ಮತ್ತು ಕೀಟನಾಶಕ ಸವರಿದ ಹಲಗೆ ಚೂರುಗಳನ್ನು ಉದುರಿಸಿ ಈ ನೊಣವನ್ನು ನಿರ್ಮೂಲ ಮಾಡಿದ್ದುಂಟು, ಆದರೆ ಅದು ಸುತ್ತ ಕಡಲಿರುವ ಪುಟ್ಟ ದ್ವೀಪ. ಊರಲ್ಲಿ ಒಬ್ಬರೇ ರೈತರು ಬಲೆ ಕಟ್ಟಿದರೆ ಪಕ್ಕದ ತೋಟದಿಂದ ಬಸುರಾದ ಹೆಣ್ಣುಗಳು ಬರುತ್ತಲೇ ಇರುತ್ತವೆ; ಊರಿನ ತೋಟಗಳವರೆಲ್ಲ ಒಟ್ಟಿಗೆ ಕಟ್ಟಬೇಕು, ಉದುರಿದ ಹುಳುಕು ಹಣ್ಣನ್ನು ಆಯ್ದು ಆಳವಾಗಿ ಹೂಳಬೇಕು.