ಹಕ್ಕು ಸವಲತ್ತಾದ ಬಗೆ

ಉತ್ತರ ಕನ್ನಡದ ಘಟ್ಟದ ಮೇಲಣ ಸೀಮೆಯಲ್ಲಿ ‘ಬೆಟ್ಟ’ವೆಂದರೆ ಬರಿಯ ಗುಡ್ಡವಲ್ಲ, ಅಡಕೆ ತೋಟಕ್ಕೆ ಸೊಪ್ಪು, ತರಗೆಲೆಗಳನ್ನೊದಗಿಸುವ ಕಾಡು. ‘ಕುಮರಿ’ಯೆಂದರೆ ಕಾಡಿನ ತುಂಡೊಂದನ್ನು ಕಡಿದು ಸುಟ್ಟು, ಆ ಬೂದಿಯಲ್ಲಿ ರಾಗಿ ಬಿತ್ತಿ, ಒಂದೆರಡು ಬೆಳೆಯ ಅನಂತರ ಮುಂದೆ ಸಾಗುವ ಬೇಸಾಯ. ಇವೆರಡು ಪದಗಳ ಹಿಂದೆ ಎರಡು ಜನವರ್ಗಗಳ ಬಾಳು ಅಡಗಿದೆ.

ಹಡಗುಗಳಿಗೆ ಸಾಗುವಾನಿಯೂ ರೈಲುಹಳಿಗಳಡಿಗೆ ದಿಮ್ಮಿಗಳೂ ಬೇಕಾದಾಗ ಆಂಗ್ಲ ಸರಕಾರದ ದೃಷ್ಟಿ ಕಾಡಿನತ್ತ ಹರಿಯಿತು. 1860ರಲ್ಲಿ ಮದರಾಸು ಸರಕಾರವು ಸರಕಾರಿ ಕಾಡುಗಳಲ್ಲಿ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. ಕುಮರಿಯಿಂದ ಬೆಲೆಯುಳ್ಳ ಮರಗಳು ಸುಟ್ಟುಹೋಗುತ್ತವೆಂಬ ಆಕ್ಷೇಪ ನಿರಾಧಾರವಾದುದಲ್ಲ. ಆದರೆ ಆಕ್ಷೇಪಿಸಿದವರ ಕೊಡಲಿಯೂ ಸುಮ್ಮನಿರಲಿಲ್ಲ. 1862ರಲ್ಲಿ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತು.

1865ರ ಮೊದಲ ಅರಣ್ಯ ಕಾಯಿದೆಗಿಂತ 1878ರದು ಬಹು ಕಠಿಣ. ಕಾಡನ್ನು ಕಾದಿಟ್ಟ, ರಕ್ಷಿತ, ಗ್ರಾಮ ಅರಣ್ಯಗಳೆಂದು ಅದು ವಿಂಗಡಿಸಿತು. ಕಾದಿಡಬೇಕಾದ ಕಾಡಿನ ವಿಷಯದಲ್ಲಿ ಪ್ರಕಟಣೆ ಹೊರಡಿಸಿ, ಮೂರು ತಿಂಗಳಿಗೆ ಕಡಿಮೆಯಿಲ್ಲದ ಅವಧಿಯಲ್ಲಿ ಹಕ್ಕು ಹೇಳಿಕೊಳ್ಳುವಂತೆ ಜನರಿಗೆ ಸೂಚಿಸಬೇಕಿತ್ತು. ಹೇಳಿಕೊಳ್ಳದ ಹಕ್ಕು ಸಾಮಾನ್ಯವಾಗಿ ನಶಿಸುತ್ತಿತ್ತು. ಅಕ್ಷರವರಿಯದ, ವರ್ಷಕ್ಕೊಂದೆಡೆ ಉಳುವ ಕುಮರಿಗಾರನು ಯಾವ ಕಾಗದವನ್ನು ತೋರಿಸಿಯಾನು?

ಕಂದಾಯದ ದಾಖಲೆಯಿದ್ದ ತೋಟಿಗರಿಗೆ ಒಂದೆಕರೆ ತೋಟಕ್ಕೆ ಒಂಬತ್ತೆಕರೆ ಸೊಪ್ಪಿನ ಬೆಟ್ಟವೆಂಬ ಪ್ರಮಾಣ ಗೊತ್ತಾಯಿತು. ಆದರೆ ಅದು ‘ಹಕ್ಕು’ ಅಲ್ಲ, ‘ಸವಲತ್ತು’. ಹಕ್ಕು ತನ್ನದು; ಸವಲತ್ತು ಕೊಟ್ಟವನ ಕೃಪೆ, ಬೇಡವೆನಿಸಿದಾಗ ಹಿಂತೆಗೆದುಕೊಳ್ಳತಕ್ಕುದು. ಒಂದು ಪದದ ಬದಲಾವಣೆಯಿಂದ ಒಡನಾಡಿಯು ಯಾಚಕನಾದನು. ಕುಮರಿಯನ್ನೇ ನಂಬಿದವರಲ್ಲಿ ಅನೇಕರಿಗೆ ಈ ಕೃಪೆಯೂ ದೊರೆಯದೆ, ಅವರು ಕೂಲಿಗಳಾದರು. 1930ರಲ್ಲಿ ಈ ಜಿಲ್ಲೆಯಲ್ಲಿ ಅರಣ್ಯ ಸತ್ಯಾಗ್ರಹ ನಡೆದಾಗ ಅದರ ಹಿಂದೆ ಸ್ವರಾಜ್ಯದ ಹಂಬಲದೊಡನೆ ಈ ಹಳೆಯ ನೋವೂ ಇದ್ದಿತು.

ಸ್ವತಂತ್ರ ಭಾರತದ ಸಂಸತ್ತು 2006ರ ಅರಣ್ಯ ಹಕ್ಕುಗಳ ಕಾಯಿದೆಯ ಪೀಠಿಕೆಯಲ್ಲಿ ಇದನ್ನು ‘ಐತಿಹಾಸಿಕ ಅನ್ಯಾಯ’ವೆಂದು ಒಪ್ಪಿಕೊಂಡಿತು. ‘ಹಕ್ಕು’ ಎಂಬ ಪದ ಮರಳಿ ಬಂದುದು ಸಣ್ಣ ಸಂಗತಿಯಲ್ಲ. ಆದರೂ ಪರಿಶಿಷ್ಟ ಪಂಗಡಕ್ಕೆ ಸೇರದ ವನವಾಸಿಯು ಮೂರು ತಲೆಮಾರು, ಎಂದರೆ ಎಪ್ಪತ್ತೈದು ವರ್ಷ, ಅಲ್ಲಿ ನೆಲೆಸಿ ಕಾಡನ್ನು ಅವಲಂಬಿಸಿದ್ದುದಕ್ಕೆ ಸಾಕ್ಷ್ಯ ನೀಡಬೇಕು. ಅಜ್ಜನ ಬೇಸಾಯವನ್ನು ಅಪರಾಧವೆಂದೆಣಿಸಿ ದಾಖಲೆಯಿಂದ ಹೊರಗಿಟ್ಟ ಮೇಲೆ, ಮೊಮ್ಮಗನಿಂದ ಆ ದಾಖಲೆಯನ್ನೇ ಬೇಡುವುದು ನ್ಯಾಯವೇ ಎಂಬುದನ್ನು ವಿಚಾರವಂತರು ಚಿಂತಿಸಬೇಕಾಗಿದೆ.