ಐದು ಹಂತಗಳ ಅರ್ಥಶಾಸ್ತ್ರಜ್ಞ ಮತ್ತು ಒಂದು ಯುದ್ಧ

ಊರಿನ ಕಾಲೇಜುಗಳಲ್ಲಿ ಅರ್ಥಶಾಸ್ತ್ರವನ್ನು ಅಭ್ಯಾಸ ಮಾಡಿದ ನಮ್ಮ ಸದಸ್ಯರಿಗೆ ರೋಸ್ಟೋ ಎಂಬ ಹೆಸರು ನೆನಪಿರಬಹುದು. ಸಮಾಜಗಳು ಸಾಂಪ್ರದಾಯಿಕ ಸ್ಥಿತಿಯಿಂದ ಹೊರಟು ಐದು ಹಂತಗಳಲ್ಲಿ ಸಮೃದ್ಧಿಯನ್ನು ತಲುಪುತ್ತವೆಂದು 1960ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದವರು ವಾಲ್ಟ್ ವಿಟ್ಮನ್ ರೋಸ್ಟೋ. ವಿಮಾನವು ನೆಲಬಿಟ್ಟು ಮೇಲೇರುವಂತೆ ಆರ್ಥಿಕತೆಯು ಮೇಲೇರುವ ಮೂರನೆಯ ಹಂತವೇ ಆ ಸಿದ್ಧಾಂತದ ತಿರುಳು. ಭಾರತಕ್ಕೆ ಅಮೆರಿಕವು ಉದಾರವಾಗಿ ನೆರವು ನೀಡಬೇಕೆಂದು 1950ರ ದಶಕದಲ್ಲಿಯೇ ವಾದಿಸಿದವರಲ್ಲಿ ಅವರೂ ಒಬ್ಬರೆಂಬುದನ್ನು ನಾವು ಮರೆಯುವಂತಿಲ್ಲ.

1916ರಲ್ಲಿ ನ್ಯೂಯಾರ್ಕಿನ ಯಹೂದಿ ವಲಸಿಗರ ಕುಟುಂಬದಲ್ಲಿ ಜನಿಸಿದ ಅವರಿಗೆ ತಂದೆತಾಯಿಗಳು ಕವಿ ವಿಟ್ಮನ್‌ನ ಹೆಸರನ್ನೇ ಇಟ್ಟರು. ಯೇಲ್ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ವಿದ್ಯಾಭ್ಯಾಸವಾಯಿತು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನಲ್ಲಿದ್ದು, ಜರ್ಮನಿಯ ಯಾವ ನೆಲೆಗಳ ಮೇಲೆ ಬಾಂಬ್ ಹಾಕಬೇಕೆಂದು ಲೆಕ್ಕಹಾಕುವ ಅರ್ಥಶಾಸ್ತ್ರಜ್ಞರ ತಂಡದಲ್ಲಿ ಅವರು ದುಡಿದರು. 1944ರಲ್ಲಿ ತೈಲ ಕಾರ್ಖಾನೆಗಳು ನಾಶವಾದಂತೆ ಜರ್ಮನ್ ಸೇನೆಯು ಇಂಧನವಿಲ್ಲದೆ ತತ್ತರಿಸಿತು. ಈ ಪಾಠವು ಅವರ ಮನಸ್ಸಿನಲ್ಲಿ ಆಳವಾಗಿ ಬೇರೂರಿತು.

ಹಳೆಯ ಸಮಾಜವು ಆಧುನಿಕವಾಗುವ ಸಂಧಿಕಾಲದಲ್ಲಿ ತಗಲುವ ರೋಗವೇ ಕಮ್ಯುನಿಸಂ ಎಂಬುದು ರೋಸ್ಟೋ ಅವರ ನಿಲುವು. ರೋಗವೆಂದಮೇಲೆ ಚಿಕಿತ್ಸೆ ಇರಲೇಬೇಕಷ್ಟೆ! 1961ರಲ್ಲಿ ಅಧ್ಯಕ್ಷ ಕೆನಡಿಯವರ ಆಡಳಿತವನ್ನು ಸೇರಿದ ಅವರು ಅದೇ ಅಕ್ಟೋಬರಿನಲ್ಲಿ ಜನರಲ್ ಟೇಲರ್ ಅವರೊಡನೆ ದಕ್ಷಿಣ ವಿಯೆಟ್ನಾಮಿಗೆ ಹೋಗಿ ಬಂದರು. 1966ರಲ್ಲಿ ಅಧ್ಯಕ್ಷ ಜಾನ್ಸನ್ನರ ರಾಷ್ಟ್ರೀಯ ಭದ್ರತಾ ಸಲಹೆಗಾರರಾದರು.

ಉತ್ತರ ವಿಯೆಟ್ನಾಮಿನ ತೈಲ ಸಂಗ್ರಹಗಳ ಮೇಲೆ ದಾಳಿ ನಡೆಸಬೇಕೆಂದು ಅವರು ಆಗ ಒತ್ತಾಯಿಸಿದರು. ಆಧಾರ, ಜರ್ಮನಿಯ ಅನುಭವ. 1966ರ ಜೂನ್ ಕೊನೆಯಲ್ಲಿ ಹನೋಯ್ ಮತ್ತು ಹೈಫಾಂಗ್‌ಗಳ ತೈಲಾಗಾರಗಳು ಹೊತ್ತಿ ಉರಿದವು, ಯುದ್ಧವು ನಿಲ್ಲಲಿಲ್ಲ. ಇಂಧನವನ್ನು ಪೀಪಾಯಿಗಳಲ್ಲಿ ತುಂಬಿ ದೇಶದ ತುಂಬ ಚದುರಿಸಿಡಲಾಗಿತ್ತು. ಕೃಷಿಪ್ರಧಾನವಾದ ಆ ನಾಡಿಗೆ ಬೇಕಾಗಿದ್ದ ತೈಲವೂ ಅತ್ಯಲ್ಪ. ಅವರ ಸಿದ್ಧಾಂತದ ಪ್ರಕಾರವೇ ಜರ್ಮನಿಯು ಪ್ರೌಢ ಕೈಗಾರಿಕಾ ಹಂತದಲ್ಲಿತ್ತು, ವಿಯೆಟ್ನಾಂ ಅದಕ್ಕಿಂತ ಬಹಳ ಕೆಳಗಿತ್ತು. ಇದನ್ನು ಬೇರೆ ಯಾರು ಮರೆತಿದ್ದರೂ ರೋಸ್ಟೋ ಮರೆಯಬಾರದಿತ್ತು. ಒಬ್ಬ ರೋಗಿಗೆ ಗುಣವಾದ ಮದ್ದನ್ನು ಮತ್ತೊಬ್ಬನಿಗೆ ಪರೀಕ್ಷೆಯಿಲ್ಲದೆ ಬರೆದುಕೊಡುವುದು, ನಾಟದಿದ್ದರೆ ಪ್ರಮಾಣವನ್ನು ಹೆಚ್ಚಿಸುವುದು, ವೈದ್ಯರಾದ ನಮಗೆ ಅಪರಿಚಿತವಾದ ಮೋಹವೇನಲ್ಲ. ರಕ್ಷಣಾ ಸಚಿವ ಮೆಕ್‌ನಮಾರಾ ಅವರಿಗೆ ಬಾಂಬ್ ದಾಳಿಯಲ್ಲಿ ನಂಬಿಕೆ ಕುಸಿಯುತ್ತಿದ್ದಾಗಲೂ ರೋಸ್ಟೋ ಅಚಲರಾಗಿದ್ದರು.

1969ರಲ್ಲಿ ಅಧಿಕಾರದಿಂದ ನಿರ್ಗಮಿಸಿದಾಗ, ಹಿಂದೆ ಕಲಿಸುತ್ತಿದ್ದ ಎಂ.ಐ.ಟಿ. ಅವರನ್ನು ಮರಳಿ ಕರೆಯಲಿಲ್ಲ. ಅವರು ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಪತ್ನಿ ಎಲ್ಸ್‌ಪೆತ್ ಅವರೊಡಗೂಡಿ ಅಲ್ಲಿಯ ಬಡ ಬಡಾವಣೆಗಳ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ಕಟ್ಟಿದರು. ಆ ಯುದ್ಧವು ಆಗ್ನೇಯ ಏಷ್ಯಾದ ಉಳಿದ ದೇಶಗಳಿಗೆ ಬೆಳೆಯಲು ಕಾಲಾವಕಾಶ ಒದಗಿಸಿತೆಂದು 2003ರಲ್ಲಿ ತೀರಿಕೊಳ್ಳುವವರೆಗೂ ವಾದಿಸುತ್ತಲೇ ಇದ್ದರು.